ದೊಡ್ಡಬೆಟ್ಟ, ನಾನು ಮತ್ತು ನನ್ನ ಎರಡು ಕಾಲು

ಕೆಲವರ ಮಾನ ಮದುವೆ ಮನೆಯಲ್ಲಿ ಹೋಗುತ್ತದೆ, ಕೆಲವರದು ಬಸ್ ಸ್ಟ್ಯಾಂಡಿನಲ್ಲಿ. ನನ್ನದು ಮಾತ್ರ ನೆಲದಿಂದ ನಾಲ್ಕಡಿ ಮೇಲೆ ಏರಿದ ತಕ್ಷಣ ಹೋಗುತ್ತದೆ. ಒಂದೇ ಸಲ ಹೋಗಿದ್ದರೆ ಮರೆತುಬಿಡಬಹುದಿತ್ತು. ಇದು ಆಗುತ್ತಲೇ ಇರುತ್ತದೆ, ನೋಡೋಕೆ ಜನವೂ ಇದ್ದೇ ಇರುತ್ತಾರೆ.

ಅಟ್ಟ

ನಮ್ಮದು ಚನ್ನರಾಯಪಟ್ಟಣದ ಕಡೆ. ಕೊಬ್ಬರಿ ಆಗಲೆಂದು ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಬಿಟ್ಟಿರುತ್ತೇವೆ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಅತ್ತೆ, ಕಾಯಿ ಒಣಗಿದೆಯಾ ನೋಡು ಎಂದು ನನ್ನನ್ನು ಏಣಿ ಹತ್ತಿಸಿದರು. ಹತ್ತುವಾಗ ಮೇಲೆ ನೋಡುತ್ತೇವಲ್ಲ, ಹತ್ತಿಬಿಟ್ಟೆ. ಇಳಿಯೋಣವೆಂದು ಕೆಳಗೆ ನೋಡಿದೆ, ಕಾಲು ನನ್ನದಲ್ಲ ಅನ್ನಿಸಿತು. ಭಯ ಎಂದು ಹೇಳಿಕೊಳ್ಳಲು ಹೊಸ ಸೊಸೆಗೆ ನಾಚಿಕೆ. ಒಂದೊಂದೇ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದೇನೆ, ತಡವಾಗುತ್ತದೆ ಎಂದು ಕೂಗಿ ಹೇಳಿದೆ. ಮಧ್ಯಾಹ್ನವಾದರೂ ಅಲ್ಲಾಡಿಸುತ್ತಲೇ ಇದ್ದೆ. ಅತ್ತೆಗೆ ಅರ್ಥವಾಯಿತು. ತಟ್ಟೆಯಲ್ಲಿ ಮುದ್ದೆ ಇಟ್ಟು ಏಣಿ ಮೇಲೆ ನಿಂತು ಅಟ್ಟಕ್ಕೆ ಕೊಟ್ಟರು.

ಅಷ್ಟರಲ್ಲಿ ಪಕ್ಕದ ಮನೆಯವಳು ಬಂದು, ಸೊಸೆ ಎಲ್ಲಿ ಎಂದು ಕೇಳಿದ್ದಾಳೆ. ಅತ್ತೆ ನಿಟ್ಟುಸಿರು ಬಿಟ್ಟು ಬೆರಳನ್ನು ಮೇಲಕ್ಕೆ ತೋರಿಸಿದ್ದಾರೆ. ಅವಳು ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ ಸಿವನೇ, ಯಾವಾಗ?" ಅಂದಳಂತೆ.

ಮಗಳ ಪಾಲಿಗೆ ಬಂದದ್ದು

ಮಗಳು ಈಗ ಮೂರನೇ ಕ್ಲಾಸು. ಅವಳು ಮೊಣಕಾಲೆತ್ತರದ ಕಟ್ಟೆ ಹತ್ತಿದರೂ ನಾನು ಕಿರುಚುತ್ತಿದ್ದೆ. ಕಿರುಚಿ ಕಿರುಚಿ ಅವಳೂ ಹಾಗೇ ಆದಳು. ಸ್ಕೂಲಿನ ಜಾರುಬಂಡೆ ಹತ್ತುವುದಿಲ್ಲ. ಕೆಳಗೆ ನಿಂತು ಜಾರಿ ಬರುವವರಿಗೆಲ್ಲ ಹುಷಾರು ಹುಷಾರು ಎನ್ನುತ್ತಾಳೆ. ಶ್ರವಣಬೆಳಗೊಳಕ್ಕೆ ಸ್ಕೂಲಿನವರು ಕರೆದುಕೊಂಡು ಹೋಗುತ್ತಾರೆ ಎಂದಾಗ, ನಾನು ದೊಡ್ಡಬೆಟ್ಟ ಹತ್ತಲ್ಲ ಎಂದು ಅಳುತ್ತಾ ಕೂತಳು.

ಅತ್ತೆ ರಾಗಿ ಕೇರುತ್ತಾ ಹೇಳಿದರು: "ಬಣ್ಣ ಅಪ್ಪಂದು, ಮೂಗು ಅಪ್ಪಂದು. ಭಯ ಒಂದಾದ್ರೂ ನಿನ್ ಕಡೇದು ಬಂದೈತಲ್ಲ ಬುಡು."

ಈ ಮಾತು ಎದೆಗೆ ನಾಟಿತು. ನನ್ನ ಚಿನ್ನದ ಓಲೆ ಅವಳಿಗೆ ಹೋಗಲಿ, ಈ ಭಯ ಹೋಗಬಾರದು. ಅವಳ ಕಣ್ಣೆದುರಿಗೇ ಬೆಟ್ಟ ಹತ್ತಿ ಇಳಿದು, ನೋಡು ಏನೂ ಇಲ್ಲ ಎಂದು ತೋರಿಸಬೇಕು. ಅವತ್ತೇ ಮೇಷ್ಟ್ರ ಹತ್ತಿರ ಹೋಗಿ ನಾನೂ ಬರುತ್ತೇನೆಂದು ಹೆಸರು ಬರೆಸಿದೆ. ಅಮ್ಮ ಬಂದರೆ ನಾನೂ ಬರುತ್ತೇನೆ ಎಂದು ಮಗಳು ಕಣ್ಣೊರೆಸಿಕೊಂಡಳು.

ಹೊರಡುವ ದಿನ ಅತ್ತೆಯ ಕಾಲಿಗೆ ಬಿದ್ದೆ. ಅವರು ತಲೆ ಮೇಲೆ ಕೈಯಿಟ್ಟು ಹರಸಿದರು: "ಬುತ್ತಿ ಜಾಸ್ತಿ ಕಟ್ಕೊ. ಮೇಲೆ ಎಷ್ಟ್ ದಿವ್ಸ ಆಯ್ತದೋ."

ಎಂಟು ಕಾಲು

ಬಸ್ಸಿಳಿದು ತಲೆಯೆತ್ತಿ ನೋಡಿದರೆ ಒಂದೇ ಬಂಡೆ. ಅದರ ಮೈಮೇಲೇ ಮೆಟ್ಟಿಲು ಕೆತ್ತಿದ್ದಾರೆ. ಚಪ್ಪಲಿ ಕೆಳಗೇ ಬಿಡಬೇಕು ಎಂದಾಗ ನನಗೆ ಜೀವ ಬಂತು. ಅಷ್ಟೂ ಮಕ್ಕಳ ಚಪ್ಪಲಿ ನಾನೇ ಕಾಯುತ್ತೇನೆ ಎಂದು ಮೇಷ್ಟ್ರ ಕಿವಿಯಲ್ಲಿ ಹೇಳಿದೆ. ಅದಕ್ಕೆ ಬೇರೆ ಜನ ಇದ್ದಾರೆ ನಡೀರಮ್ಮ ಎಂದು ಅವರು ಗಟ್ಟಿಯಾಗಿಯೇ ಹೇಳಿದರು. ಮಗಳು ನನ್ನ ಮುಖ ನೋಡಿದಳು. ನಾನು ಬೇಗ ಬೇಗ ಚಪ್ಪಲಿ ಬಿಟ್ಟೆ.

ಅಲ್ಲೇ ಡೋಲಿಯವರು ನಾಲ್ಕು ಜನ ನಿಂತಿದ್ದರು. ಹತ್ತಲಾಗದವರನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗುತ್ತಾರೆ. ಬಿಳಿಚಿದ ನನ್ನ ಮುಖ ನೋಡಿಯೇ, ಬನ್ನಿ ಅಕ್ಕ ಎಂದರು. ನನ್ನ ಎರಡು ಕಾಲನ್ನೇ ನಂಬದವಳು ನಿಮ್ಮ ಎಂಟು ಕಾಲನ್ನು ಹೇಗೆ ನಂಬಲಿ ಎಂದೆ. ನಾವು ದಿನಾ ಹತ್ತಿ ಇಳಿಯೋರು, ಯೋಚನೆ ಬೇಡಿ ಎಂದರು. ಯಾರನ್ನಾದರೂ ಬೀಳಿಸಿದ್ದೀರಾ ಎಂದು ಕೇಳಿದೆ.

ಅವರಲ್ಲೊಬ್ಬ ನಿಯತ್ತಿನ ಮನುಷ್ಯ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದ: "ಇನ್ನೂ ಇಲ್ಲ ಕಣಕ್ಕ."

ಆ 'ಇನ್ನೂ' ಕೇಳಿದ ಮೇಲೆ ನಾನು ನಡೆದೇ ಹತ್ತಿದೆ.

ಕೋಪ

ಭಯವಾದಾಗ ಕೆಲವರ ಬಾಯಲ್ಲಿ ದೇವರ ನಾಮ ಬರುತ್ತದೆ. ನನ್ನ ಬಾಯಲ್ಲಿ ಬೈಗುಳ ಬರುತ್ತದೆ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮಗಳ ಕೈ, ಕಣ್ಣು ಮೆಟ್ಟಿಲ ಮೇಲೆ. ದಾರಿಗೆ ಅಡ್ಡ ನಿಂತು ಸೆಲ್ಫಿ ತೆಗೆಯುತ್ತಿದ್ದ ಗಂಡ ಹೆಂಡಿರನ್ನು ಬೈದೆ. ಒಂದು ಮೆಟ್ಟಿಲು ಗಿಡ್ಡ, ಇನ್ನೊಂದು ಎತ್ತರ ಕೆತ್ತಿದ ಪುಣ್ಯಾತ್ಮನನ್ನು ಬೈದೆ. ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳಲು ಫೋನ್ ಮಾಡಿದ ನನ್ನ ಗಂಡನನ್ನು, ಫೋನು ಕಿವಿ ಮತ್ತು ಭುಜದ ನಡುವೆ ಸಿಕ್ಕಿಸಿಕೊಂಡು, ಐವತ್ತು ಮೆಟ್ಟಿಲು ಮುಗಿಯುವ ತನಕ ಬೈದೆ.

"ಅಮ್ಮ, ನಿಂಗೆ ಭಯ ಆಯ್ತಾ ಐತಾ?" ಎಂದಳು ಮಗಳು.

"ಭಯ ಅಲ್ಲ ಕಣೆ, ಕೋಪ."

ಬೈಯಲು ಜನ ಮುಗಿಯುವ ಹೊತ್ತಿಗೆ ಮೆಟ್ಟಿಲೂ ಮುಗಿದಿದ್ದವು.

ಇಳಿದದ್ದು

ಗೊಮ್ಮಟಸ್ವಾಮಿಯನ್ನು ನೋಡಲು ಕತ್ತೆತ್ತಬೇಕು. ಹಾಗಾಗಿ ಅಲ್ಲಿದ್ದಷ್ಟು ಹೊತ್ತೂ ನಾನು ಸುಖವಾಗಿದ್ದೆ. ಹೊರಡೋಣ ಎಂದಾಗಲೆಲ್ಲ ಮತ್ತೊಂದು ಸಲ ಕೈಮುಗಿದೆ. ಏನು ಭಕ್ತಿಯಮ್ಮ ನಿಮ್ಮದು ಎಂದು ಮೇಷ್ಟ್ರು ಮಕ್ಕಳಿಗೆಲ್ಲ ನನ್ನನ್ನು ತೋರಿಸಿದರು.

ಕೊನೆಗೆ ಇಳಿಯುವ ಮೊದಲ ಮೆಟ್ಟಿಲಿಗೆ ಬಂದೆವು. ಕೆಳಗಿನ ಕಲ್ಯಾಣಿ ಅಂಗೈಯಷ್ಟಿತ್ತು. ನಮ್ಮ ಬಸ್ಸು ಬೆಂಕಿಪೊಟ್ಟಣ. ಬೇರೆ ದಾರಿ ಕಾಣದೆ ಕಂಬಿ ತಬ್ಬಿಕೊಂಡು, ಬೆಟ್ಟದ ಕಡೆ ಮುಖ ಮಾಡಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಹಿಂದಕ್ಕೆ ಒಂದು ಕಾಲಿಟ್ಟೆ.

ಯಾಕಮ್ಮ ಹಿಂಗೆ ಎಂದಳು ಮಗಳು. ಗುಡಿಯಿಂದ ಬರುವಾಗ ನಾಲ್ಕು ಹೆಜ್ಜೆ ಹಿಮ್ಮುಖವಾಗಿ ನಡೆಯುತ್ತೇವಲ್ಲ, ಅದು ನೆನಪಾಯಿತು.

"ಸ್ವಾಮಿಗೆ ಬೆನ್ನು ತೋರಿಸ್ಬಾರ್ದು ಕಣೆ" ಎಂದೆ.

ಇದನ್ನು ಹೊಳೆನರಸೀಪುರದ ಕಡೆಯ ಒಬ್ಬ ಅಜ್ಜಿ ಕೇಳಿಸಿಕೊಂಡರು. ಈ ಕಾಲದಲ್ಲೂ ಇಂಥ ಹೆಣ್ಣುಮಕ್ಕಳು ಇದ್ದಾರಲ್ಲ ಎಂದು ಕೊಂಡಾಡಿ, ನೀವೂ ತಿರುಗ್ರಿ ಎಂದು ತಮ್ಮ ಯಜಮಾನರಿಗೆ ಹೇಳಿದರು. ಮಂಡಿ ನೋವು ಕಣೆ ಎಂದು ಅವರು ಗೊಣಗಿದರು. ಮುಂದಕ್ಕೆ ಇಳಿದರೂ ನೋಯುತ್ತದೆ ತಿರುಗ್ರಿ ಎಂದರು ಅಜ್ಜಿ. ಅವರು ತಿರುಗಿದ್ದು ನೋಡಿ ಹಿಂದಿನವರೂ ತಿರುಗಿದರಂತೆ. ಅದನ್ನು ನೋಡಿ ನಮ್ಮ ಸ್ಕೂಲಿನ ಮಕ್ಕಳೆಲ್ಲ ತಿರುಗಿದರಂತೆ. ಇದನ್ನು ನಿಮಗೆ ಯಾರ್ರೋ ಹೇಳಿಕೊಟ್ಟಿದ್ದು ಎಂದು ಮೇಷ್ಟ್ರು ಗದರಿದ್ದು ಕೇಳಿಸಿತು. ನೀವೇ ತೋರಿಸಿದ್ರಲ್ಲ ಸಾ, ಆ ಆಂಟಿ ಎಂದು ಮಕ್ಕಳು ಒಟ್ಟಿಗೆ ಹೇಳಿದರು. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರೂ ತಿರುಗಿದರಂತೆ.

ಇದ್ಯಾವುದೂ ನನಗೆ ಮುಖ್ಯವಾಗಲಿಲ್ಲ. ನನ್ನ ಕಾಲು ಗಾಳಿಯಲ್ಲಿ ಮೆಟ್ಟಿಲು ಹುಡುಕುತ್ತಿತ್ತು. ಆಗ ಒಂದು ಪುಟ್ಟ ಕೈ ನನ್ನ ಹಿಮ್ಮಡಿ ಹಿಡಿದು ಕಲ್ಲಿನ ಮೇಲೆ ಇಟ್ಟಿತು. ಮಗಳು ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತಿದ್ದಳು.

"ಎಡಗಾಲು ಬುಡು. ಇನ್ನೊಸಿ ಕೆಳಕ್ಕೆ. ಹ್ಞಾಂ, ಸಿಕ್ತು."

"ನೀನು ಕೆಳಗೆ ನೋಡ್ತಾ ಇದ್ದೀಯೇನೇ?"

"ನೋಡ್ದೆ ಇದ್ರೆ ನಿನ್ ಕಾಲು ಯಾರ್ ಇಡ್ತಾರೆ?"

"ಭಯ ಆಯ್ತಾ ಇಲ್ವಾ?"

"ಪುರುಸೊತ್ತಿಲ್ಲ, ಸುಮ್ಕಿರು. ಬಲಗಾಲು."

ಮುಚ್ಚಿದ ಕಣ್ಣಲ್ಲೇ ನೀರು ಬಂತು. ಅತ್ತೆ ಇಲ್ಲಿರಬೇಕಿತ್ತು ಅನ್ನಿಸಿತು. ಹಾಗೇ ಎಡಗಾಲು, ಬಲಗಾಲು ಎಂದು ಎಷ್ಟು ಹೊತ್ತು ಇಳಿದೆನೋ. ಕಂಬಿ ಮುಗೀತು, ನನ್ನ ಕೈ ಹಿಡ್ಕೊ ಎಂದಳು. ಹಿಡಿದುಕೊಂಡೆ. ಮೆಟ್ಟಿಲು ಈಗ ಅಷ್ಟು ಆಳ ಇರಲಿಲ್ಲ, ಆದರೆ ಮುಗಿಯುತ್ತಲೂ ಇರಲಿಲ್ಲ. ಇನ್ನೂ ಎಷ್ಟಿದೆ ಎಂದೆ. ಇನ್ನೂ ಐತೆ, ಹಿಂದಕ್ಕೆ ಬಾ, ಇನ್ನೂ ಬಾ ಎನ್ನುತ್ತಲೇ ಇದ್ದಳು.

ಅಷ್ಟರಲ್ಲಿ ನನ್ನ ಬೆನ್ನ ಹಿಂದೆಯೇ ಆಟೋ ಹಾರನ್ ಹೊಡೆಯಿತು.

ಬೆಟ್ಟದ ಮೇಲೆ ಆಟೋ ಹೇಗೆ ಬಂತೆಂದು ಕಣ್ಣು ಬಿಟ್ಟೆ. ನಾನು ನಡುರಸ್ತೆಯಲ್ಲಿದ್ದೆ. ಮೆಟ್ಟಿಲು ಮುಗಿದು ಎಷ್ಟೋ ದೂರವಾಗಿತ್ತು. ಎಳನೀರಿನವನು, ಹೂವಿನವಳು, ಡೋಲಿಯ ನಾಲ್ಕು ಜನ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಪಕ್ಕದಲ್ಲೇ ಐಸ್‌ಕ್ರೀಮ್ ಗಾಡಿ.

"ಮುಗಿದಿದ್ರೆ ಯಾಕೆ ಹೇಳ್ಲಿಲ್ಲ?" ಎಂದೆ.

ಮಗಳು ನನ್ನ ಕೈ ಬಿಡದೆ ಗಾಡಿಯ ಡಬ್ಬಿಯೊಳಗೆ ಬಗ್ಗಿ ನೋಡುತ್ತಾ ಹೇಳಿದಳು: "ಅಲ್ಲೇ ಹೇಳಿದ್ರೆ ನೀನು ಸೀದಾ ಬಸ್ ಹತ್ತಿಬುಡ್ತಿದ್ದೆ. ದೊಡ್ಡ ಕಪ್ ಕೊಡ್ಸು."