ಎಲ್ಲಿಗೂ ಹೋಗದ ಹಡಗಿನ ಮಾಮ

ಎಲ್ಲಿಗೂ ಹೋಗದೆ ಇರುವುದಕ್ಕೆ ನಮ್ಮ ಮಾಮನಷ್ಟು ಕಷ್ಟಪಡುವ ಮನುಷ್ಯನನ್ನು ನಾನಂತೂ ನೋಡಿಲ್ಲ. ತಿರುಪ್ಪೂರು ಕಡೆಯ ಕರುಮತ್ತಂಪಟ್ಟಿಯ ಮಗ್ಗದ ಮನೆಯಲ್ಲಿ ಹುಟ್ಟಿ ಸಮುದ್ರ ಸೇರಿದ ಈ ಪುಣ್ಯಾತ್ಮನ ಕೆಲಸ ಹಡಗು, ನಮ್ಮ ಮನೆಮಾತಲ್ಲಿ ಕಪ್ಪಲು, ನಡೆಸುವುದಲ್ಲ, ಎಣ್ಣೆಬಾವಿಯ ಪಕ್ಕದಲ್ಲಿ ಅದನ್ನು ಅಲುಗದಂತೆ ನಿಲ್ಲಿಸುವುದು! ಅದೂ ಲಂಗರು ಇಳಿಸದೆ.

ಮೊದಲ ರಜೆಗೆ ಬಂದಾಗ ಅವನ ತಾಯಿ, ಅಂದರೆ ನಮ್ಮ ಅಜ್ಜಿ, ಕೇಳಿದಳು: "ಕಪ್ಪಲು ಎಲ್ಲಿಗೆ ಹೋಗ್ತದೆ ಡಾ?"

"ಎಲ್ಲಿಗೂ ಇಲ್ಲಮ್ಮಾ. ಗಾಳಿ ಒಂದು ಕಡೆ ತಳ್ತದೆ, ನೀರು ಇನ್ನೊಂದು ಕಡೆ. ಅಡೀಲಿ ದೊಡ್ಡ ಫ್ಯಾನುಗಳಿವೆ. ಗಾಳಿ-ನೀರನ್ನ ಸೆನ್ಸರ್ ಅಳೀತದೆ, ಯಾವುದು ಎಷ್ಟು ತಿರುಗಬೇಕು ಅಂತ ಕಂಪ್ಯೂಟರು ಹೇಳ್ತದೆ. ಕಪ್ಪಲು ಇದ್ದಲ್ಲೇ ಇರ್ತದೆ. ನಾನು ನೋಡ್ಕೊಂಡಿರ್ತೀನಿ."

"ಸುಮ್ನೆ ನಿಲ್ಲೋಕೆ ಇಷ್ಟು ಪಾಡಾ?"

ತಿರುಪ್ಪೂರಿನ ಬಸ್ಸಿನಲ್ಲಿ ಕಂಬಿ ಹಿಡಿಯುವುದೆಂದರೆ ಅವನ ವೃತ್ತಿಗೇ ಅವಮಾನ. "ಬ್ರೇಕ್ ಬೀಳೋ ಮುಂಚೆನೇ ಭಾರ ಹಿಂದಕ್ಕೆ ಹಾಕಬೇಕು" ಎಂದು ನನಗೆ ಪಾಠ ಹೇಳುತ್ತಿದ್ದಂತೆ ಬ್ರೇಕ್ ಬಿತ್ತು. ಮಾಮ ಯಾರದೋ ಬನಿಯನ್ ಮೂಟೆಯ ಮೇಲೆ ಬೋರಲಾದ. ಎದ್ದು ಅಂಗಿ ಕೊಡವಿಕೊಂಡು, "ಸೆನ್ಸರ್ ತಪ್ಪು" ಎಂದ.

ಆರ್.ಎಸ್. ಪುರಂನ ನಮ್ಮ ಮನೆಯ ತಾರಸಿಯಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ. ಶಾಮಿಯಾನ ಗಾಳಿಗೆ ಏಳತೊಡಗಿದಾಗ ಮಾಮನಿಗೆ ಹಬ್ಬವೋ ಹಬ್ಬ! ನಾಲ್ಕು ಮೂಲೆಗೆ ನಾಲ್ವರು ನೆಂಟರನ್ನು ಹಗ್ಗ ಕೊಟ್ಟು ನಿಲ್ಲಿಸಿದ.

"ಗಾಳಿ ಇಲ್ದಿದ್ರೂ ಎದುರುಬದುರು ಎಳ್ಕೊಂಡೇ ಇರಿ. ಗಾಳಿ ಬಂದಾಗ ಒಬ್ರು ಸಡಿಲ ಬಿಟ್ರೆ ಸಾಕು, ಎದುರಿನವರ ಎಳೆತವೇ ಸರಿಮಾಡ್ತದೆ. ಒಬ್ರು ಕೈಬಿಟ್ರೂ ಮಿಕ್ಕವರು ತಡೀತೀರಿ."

ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಎಲೆ ಹಾಕಿದರೆಂದು ಚಿಕ್ಕಪ್ಪ ಹೊರಟಾಗ ಮಿಕ್ಕ ಮೂವರೂ ಅವನ ಹಿಂದೆಯೇ ಹೊರಟುಬಿಟ್ಟರು. ಶಾಮಿಯಾನ ಗಂಡಿನ ಕಡೆಯವರ ತಲೆಯ ಮೇಲೆ ಮೆಲ್ಲಗೆ ಇಳಿಯಿತು. ಒಳಗಿನಿಂದ ಬೀಗರ ದನಿ ಕೇಳಿಸಿತು: "ಪರವಾಯಿಲ್ಲ, ನೆರಳು ಚೆನ್ನಾಗಿದೆ."

ಕಳೆದ ಸಲ ಅವನು ಬರುವ ಹೊತ್ತಿಗೆ ಅಜ್ಜಿ ಬಚ್ಚಲಲ್ಲಿ ಬಿದ್ದು, ಸೊಂಟದ ಆಪರೇಷನ್ ಆಗಿ, ಹಾಸಿಗೆ ಬಿಟ್ಟೇಳಲು ಹೆದರುತ್ತಿದ್ದಳು. ಡಾಕ್ಟರು, ಅಮ್ಮ, ನಾನು, ಎಲ್ಲರೂ ಹೇಳಿ ಸೋತಿದ್ದೆವು. ಮಾಮ ದಿನಾ ಬೆಳಿಗ್ಗೆ ಅವಳನ್ನು ಎಬ್ಬಿಸಿ, ಎರಡೂ ಪಕ್ಕಕ್ಕೆ ಕೈ ಚಾಚಿ, ಮುಟ್ಟದೆ ಅವಳ ಹಿಂದೆ ನಡೆಯುತ್ತಿದ್ದ. ಎಡಕ್ಕೆ ವಾಲಿದರೆ ಬೆರಳ ತುದಿ ತಾಗಿಸುವನು, ನೆಟ್ಟಗಾದೊಡನೆ ತೆಗೆಯುವನು. ಆಗ ಅವನ ಮುಖದಲ್ಲಿ ತಮಾಷೆಯ ಸುಳಿವೇ ಇರುತ್ತಿರಲಿಲ್ಲ.

ಅವನು ಹಡಗಿಗೆ ಹೊರಡುವ ದಿನ ಅಜ್ಜಿ ಮಗ್ಗದ ಕೋಣೆಯ ತನಕ ನಡೆದಳು.

"ಹಿಡ್ಕೊಂಡಿದೀಯಾ ಡಾ?" ತಿರುಗದೆಯೇ ಕೇಳಿದಳು.

"ಇಲ್ಲಮ್ಮಾ."

"ಸರಿ, ಹಿಡ್ಕೋಬೇಡ. ಅಲ್ಲೇ ಇರು."

ಹೊರಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು. ಮಾಮ ಕದಲಲಿಲ್ಲ.