ಹಸಿ ಪಾಸ್ತಾ ಪ್ರಕರಣ

ಪಾಸ್ತಾವನ್ನು ನೀರಲ್ಲಿ ಬೇಯಿಸದೆ, ಹಸಿಯಾಗಿಯೇ ತಟ್ಟೆಗೆ ಸುರಿದು ಓವನ್ನಿಗೆ ತಳ್ಳಿದರೆ ತಾನಾಗಿ ಬೇಯುತ್ತದೆ ಎಂದು ಮೇಷ್ಟ್ರು ಹೇಳಿದಾಗ, ತನಿಖೆಯಮ್ಮ ಪತ್ರಿಕೆಯಿಂದ ತಲೆಯೆತ್ತಿ ಗಂಡನನ್ನು ನೋಡಿದರು. ಒಂದು ಕಾಲದಲ್ಲಿ ಆ ನೋಟಕ್ಕೆ ದೊಡ್ಡ ದೊಡ್ಡ ಗೋದಾಮುಗಳ ಮಾಲೀಕರೇ ಬೆವೆತಿದ್ದರು.

ಆಕೆ ವಿಮಾ ಕಂಪನಿಯೊಂದರಲ್ಲಿ ತನಿಖಾಧಿಕಾರಿಯಾಗಿದ್ದು ನಿವೃತ್ತರಾದವರು. ಅಂಗಡಿ ತಾನಾಗಿ ಸುಟ್ಟಿತೋ ಯಾರಾದರೂ ಸುಟ್ಟರೋ, ಕಳುವಾದ ಒಡವೆ ಕಳುವಿಗೆ ಮೊದಲು ನಿಜವಾಗಿಯೂ ಇತ್ತೋ ಎಂದು ಪತ್ತೆ ಹಚ್ಚುವುದು ಕೆಲಸ. ನಿವೃತ್ತಿಯ ನಂತರ ಕೆಲಸ ನಿಲ್ಲಲಿಲ್ಲ. ಕಾರ್ಯಕ್ಷೇತ್ರ ಅಡುಗೆಮನೆಗೆ ವರ್ಗವಾಯಿತು, ಅಷ್ಟೆ. ಉಪ್ಪಿನ ಡಬ್ಬಿ ಯಾರು ಸರಿಸಿದರು, ಹಾಲಿನ ಕೆನೆ ಎಲ್ಲಿ ಹೋಯಿತು, ಚಮಚ ಯಾಕೆ ಒದ್ದೆಯಾಗಿದೆ ಎಂದು ದಿನವೂ ವಿಚಾರಣೆ ನಡೆಯುತ್ತಿತ್ತು. ಆರೋಪಿ ಮಾತ್ರ ಯಾವಾಗಲೂ ಒಬ್ಬರೇ. ಬೀದಿಯವರು ಹಿಂದಿನಿಂದ ಇಟ್ಟ ‘ತನಿಖೆಯಮ್ಮ’ ಎಂಬ ಹೆಸರು ಆಕೆಯ ಕಿವಿಗೂ ಬಿದ್ದಿತ್ತು. ಬೇಸರಪಡಲಿಲ್ಲ. ಯಾರು ಇಟ್ಟರೆಂದು ಪತ್ತೆ ಹಚ್ಚಿದ್ದರು.

ಮೇಷ್ಟ್ರು ಭೂಗೋಳ ಕಲಿಸಿ ನಿವೃತ್ತರಾದವರು. (ಜಗತ್ತಿನ ನದಿಗಳೆಲ್ಲ ಎಲ್ಲಿ ಹುಟ್ಟುತ್ತವೆಂದು ಬಲ್ಲ ಅವರಿಗೆ, ಸ್ವಂತ ಮನೆಯಲ್ಲಿ ಸಕ್ಕರೆ ಯಾವ ದಿಕ್ಕಿನಲ್ಲಿದೆ ಎಂಬುದು ಗೊತ್ತಿರಲಿಲ್ಲ.) ಈಗ ಮೊಬೈಲಿನಲ್ಲಿ ಯಾವನೋ ಗಡ್ಡದವನು ಪಾಸ್ತಾ ಮಾಡುವುದನ್ನು ನೋಡಿ ಅವರಿಗೆ ಜ್ಞಾನೋದಯವಾಗಿತ್ತು. ಹಸಿ ಪಾಸ್ತಾದ ಮೇಲೆ ಟೊಮೆಟೊ ಸಾಸು, ಬೆಳ್ಳುಳ್ಳಿ, ಎಣ್ಣೆ, ನೀರು ಸುರಿಯುವುದು. ಅಲ್ಯೂಮಿನಿಯಂ ಫಾಯಿಲಿನಿಂದ ಬಿಗಿಯಾಗಿ ಮುಚ್ಚುವುದು. ಕೊನೆಗೆ ಮೇಲೆ ಚೀಸು. ಅಷ್ಟೇ ಕೆಲಸ, ಒಂದೇ ಪಾತ್ರೆ ತೊಳೆದರಾಯಿತು ಎಂದರು.

“ಒಂದೇ ಪಾತ್ರೆನ? ಅದನ್ನ ಯಾರು ತೊಳೀತಾರೆ?”

“ನಾನೇ.”

ಅಲ್ಲಿಗೆ ತನಿಖೆಯಮ್ಮನ ಸಂಶಯ ದೃಢವಾಯಿತು. ಕೇಳದೆಯೇ ಪಾತ್ರೆ ತೊಳೆಯಲು ಒಪ್ಪುವ ಗಂಡಸಿನ ಹಿಂದೆ ಏನೋ ಇದ್ದೇ ಇರುತ್ತದೆ.

ಇತ್ತು ಕೂಡ. ಇದು ಸರಿಯಾಗಿ ಬಂದರೆ ಪ್ರತಿ ಭಾನುವಾರ ಅಡುಗೆಮನೆ ತನ್ನದು, ಆ ದಿನ ಆಕೆ ಒಳಗೆ ಕಾಲಿಡಬಾರದು ಎಂದು ಮೇಷ್ಟ್ರು ಷರತ್ತು ಹಾಕಿದರು. ಹಾಳಾದರೆ ತಾನು ಕುಡಿಯುವ ನೀರನ್ನೂ ಬಾಗಿಲಾಚೆ ನಿಂತು ಕೇಳುತ್ತೇನೆಂದರು. ಭಾನುವಾರ ಊಟಕ್ಕೆ ಬರಲಿದ್ದ ತಮ್ಮ ಅಕ್ಕನನ್ನೇ ನ್ಯಾಯಾಧೀಶರೆಂದು ನೇಮಿಸಿಯೂ ಬಿಟ್ಟರು.

ತನಿಖೆಯಮ್ಮ ನಗುತ್ತ ಒಪ್ಪಿದರಾದರೂ ಒಳಗೊಳಗೆ ಕಳವಳಗೊಂಡರು. ಕಚೇರಿ ಬಿಟ್ಟ ಮೇಲೆ ಆಕೆಯ ಮಾತು ಕಾನೂನಾಗಿ ನಡೆಯುವ ಜಾಗವೆಂದರೆ ಅದೊಂದೇ. ಏಳು ದಿನದ ರಾಜ್ಯದಲ್ಲಿ ಒಂದು ದಿನ ಬಿಟ್ಟುಕೊಟ್ಟರೆ, ನಾಳೆ ಬುಧವಾರಕ್ಕೂ ಅರ್ಜಿ ಬರುತ್ತದೆ. ನ್ಯಾಯಾಧೀಶರ ಮೇಲೂ ಆಕೆಗೆ ವಿಶ್ವಾಸವಿರಲಿಲ್ಲ. ತಮ್ಮ ಕೆಮ್ಮಿದರೂ ಅದರಲ್ಲಿ ರಾಗವಿದೆ ಎನ್ನುವ ಹೆಂಗಸು ಅತ್ತಿಗೆ.

ಭಾನುವಾರ ಮೇಷ್ಟ್ರು ಸೊಂಟಕ್ಕೆ ಟವೆಲು ಸುತ್ತಿ ರಣರಂಗಕ್ಕಿಳಿದರು. ಗಾಜಿನ ಟ್ರೇಯಲ್ಲಿ ಪಾಸ್ತಾ ಹರಡಿದರು. ಜಗ್ಗಿನಲ್ಲಿ ಸಾಸು, ನೀರು, ಬೆಳ್ಳುಳ್ಳಿ, ಉಪ್ಪು ಕಲಸಿದರು. ತನಿಖೆಯಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ಒಂದೂ ಮಾತಾಡದೆ ಎಲ್ಲವನ್ನೂ ನೋಡಿದರು. ಮಾತಾಡದ ತನಿಖಾಧಿಕಾರಿಯ ಎದುರು ಬೆಳ್ಳುಳ್ಳಿ ಹೆಚ್ಚುವುದು ಎಷ್ಟು ಕಷ್ಟ ಎಂಬುದು ಮೇಷ್ಟ್ರ ಹೆಬ್ಬೆರಳಿಗೆ ಗೊತ್ತಾಯಿತು.

ಅಷ್ಟರಲ್ಲಿ ಅತ್ತಿಗೆಯ ಫೋನು. ಬಸ್ಸು ಬೇಗ ಬಂದುಬಿಟ್ಟಿದೆ, ಚೀಲ ಭಾರ, ಮಂಡಿ ನೋವು, ತಕ್ಷಣ ಬಾ. ಮೇಷ್ಟ್ರು ಟವೆಲು ಬಿಚ್ಚಿ ಚಪ್ಪಲಿ ಮೆಟ್ಟುತ್ತಲೇ ಹೆಂಡತಿಗೆ ಕರ್ತವ್ಯ ಬೋಧಿಸಿದರು.

“ಜಗ್ಗಲ್ಲಿರೋದನ್ನ ಮೇಲೆ ಸುರಿದು, ಫಾಯಿಲ್ ಮುಚ್ಚಿ ಒಳಗಿಡು. ಬೇರೆ ಏನೂ ಮಾಡಬೇಡ ಕಣೆ. ಏನೂ.”

ಮನೆ ಖಾಲಿಯಾಯಿತು. ತನಿಖೆಯಮ್ಮ ಒಂದು ಪಾಸ್ತಾ ಎತ್ತಿ ಹಲ್ಲಿನಿಂದ ಕಚ್ಚಿ ನೋಡಿದರು. ಅದು ಮುರಿದ ಸದ್ದಿಗೆ ಆಕೆಯೇ ಬೆಚ್ಚಿದರು. ಇದು ಬೇಯುವುದುಂಟೆ? ಗಂಡ ಸೋಲುವುದು ಖಚಿತ. ಸಂತೋಷವೇ. ಆದರೆ ಅತ್ತಿಗೆ ಈ ಜಲ್ಲಿಕಲ್ಲನ್ನು ತಿಂದು ಊರಿಗೆ ಹೋಗಿ ಏನೆನ್ನುತ್ತಾರೆ? ತಮ್ಮ ಹಸಿ ಬಡಿಸಿದ ಎನ್ನುತ್ತಾರೆಯೇ? ಆ ಮನೆಯಲ್ಲಿ ಹಸಿ ಬಡಿಸಿದರು ಎನ್ನುತ್ತಾರೆ. ಮನೆ ಎಂದರೆ ಯಾರು? ಬಂಧುಬಳಗಕ್ಕೆಲ್ಲ ಸುದ್ದಿ ಮುಟ್ಟುವ ಹೊತ್ತಿಗೆ ಮೇಷ್ಟ್ರ ಹೆಸರು ಉದುರಿ ಹೋಗಿ ತನ್ನ ಹೆಸರೊಂದೇ ಉಳಿದಿರುತ್ತದೆ.

ಆಕೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿದರು. ಟ್ರೇಯ ಪಾಸ್ತಾವನ್ನೆಲ್ಲ ಅದಕ್ಕೆ ಸುರಿದು, ಬೇಯಿಸಿ, ಬಸಿದು, ಮತ್ತೆ ಟ್ರೇಗೆ ಹರಡಿದರು. ಜಗ್ಗಿನ ಸಾಸನ್ನು ಅದರ ಮೇಲೆ ಸುರಿದು, ಫಾಯಿಲ್ ಮುಚ್ಚಿ ಓವನ್ನಿಗಿಟ್ಟರು.

ಆಮೇಲೆ ಅನುಭವ ಕೆಲಸಕ್ಕೆ ಬಂತು. ಅಪರಾಧಿಗಳು ಎಲ್ಲಿ ಸಿಕ್ಕಿಬೀಳುತ್ತಾರೆಂದು ಆಕೆಗಿಂತ ಚೆನ್ನಾಗಿ ಬಲ್ಲವರು ಯಾರು? ಪಾತ್ರೆ ತೊಳೆದು, ಒರೆಸಿ, ಅದರ ಜಾಗದಲ್ಲೇ ಇಟ್ಟರು. ಬಸಿಯುವ ಜಾಲರಿಯನ್ನೂ ಹಾಗೆಯೇ. ಸಿಂಕಿಗೆ ತಣ್ಣೀರು ಬಿಟ್ಟು ಹಬೆಯ ವಾಸನೆ ಕಳೆದರು. ಕಿಟಕಿಯ ಗಾಜಿನ ಮೇಲೆ ಕೂತಿದ್ದ ತೇವವನ್ನು ಸೆರಗಿನಿಂದ ಒರೆಸಿ, ಸೆರಗು ಒದ್ದೆಯಾಯಿತೆಂದು ಸೀರೆಯನ್ನೇ ಬದಲಿಸಿದರು.

ಮೇಷ್ಟ್ರು ಅಕ್ಕನ ಚೀಲ ಹೊತ್ತು ಬಂದರು. ಹಿಂದೆಯೇ ಬಂದ ಅತ್ತಿಗೆ, ಹೊಸದಾಗಿ ಕಟ್ಟಿಸಿಕೊಂಡ ಹಲ್ಲಿನ ಸೆಟ್ಟು ಇನ್ನೂ ಒಸಡಿಗೆ ಒಗ್ಗಿಲ್ಲ, ಗಟ್ಟಿ ಪದಾರ್ಥ ಕಂಡರೆ ಕಣ್ಣೀರು ಬರುತ್ತದೆ ಎಂದು ಕೂರುವ ಮೊದಲೇ ತಿಳಿಸಿದರು. ಮೇಷ್ಟ್ರು ಫಾಯಿಲ್ ತೆಗೆದು, ಚೀಸು ಉದುರಿಸಿ, ಕೆಂಪಗಾಗುವವರೆಗೆ ಕಾದು ಟ್ರೇಯನ್ನು ಮೇಜಿಗೆ ತಂದರು.

ಎರಡೆರಡು ಸಲ ಬೆಂದ ಪಾಸ್ತಾ, ಹಸಿಯದಕ್ಕೆಂದು ಸುರಿದ ನೀರನ್ನೂ ಕುಡಿದು, ಆಕಾರ ತೊರೆದು ಪರಬ್ರಹ್ಮದಲ್ಲಿ ಲೀನವಾಗಿತ್ತು. ಅದನ್ನು ಸೌಟಿನಿಂದ ಬಡಿಸುವುದಕ್ಕಿಂತ ಕರಣೆಯಿಂದ ಗೋಡೆಗೆ ಮೆತ್ತುವುದು ಸುಲಭವಿತ್ತು.

ಅತ್ತಿಗೆ ಒಂದು ಚಮಚ ಬಾಯಿಗಿಟ್ಟರು. ಕಣ್ಣು ಮುಚ್ಚಿದರು.

“ಹಲ್ಲಿಗೆ ಕೆಲಸಾನೇ ಇಲ್ಲ ಕಣೋ. ಬೆಣ್ಣೆ ಹಾಗಿದೆ. ಇಷ್ಟು ದಿನ ಈ ಕೈನ ಎಲ್ಲಿ ಬಚ್ಚಿಟ್ಟಿದ್ದೆ?”

ಮೇಷ್ಟ್ರಿಗೂ ಅದು ಇರಬೇಕಾದದ್ದು ಹೀಗೆಯೇ ಎನಿಸಿತು. ಅದನ್ನು ಹಿಂದೆ ತಿಂದವರು ಆ ಮೇಜಿನಲ್ಲಿ ಯಾರೂ ಇರಲಿಲ್ಲ. ಮೊಬೈಲಿನ ಗಡ್ಡದವನು ರುಚಿ ಕಳಿಸುವಂತಿರಲಿಲ್ಲ. ಅತ್ತಿಗೆ ಎರಡನೇ ಸಲ ಬಡಿಸಿಕೊಂಡು, ಭಾನುವಾರದ ಅಡುಗೆಮನೆ ತಮ್ಮನದು ಎಂದು ತೀರ್ಪಿತ್ತರು. ಇನ್ನೊಂದು ಭಾನುವಾರದವರೆಗೆ ಇದ್ದು ಮತ್ತೊಮ್ಮೆ ತಿಂದೇ ಹೋಗುತ್ತೇನೆಂದೂ ಸೇರಿಸಿದರು.

ರಾಜ್ಯ ಕೈತಪ್ಪುವುದನ್ನು ಕಂಡು ತನಿಖೆಯಮ್ಮ ಗಂಟಲು ಸರಿಮಾಡಿಕೊಂಡರು. ನಡೆದದ್ದನ್ನೆಲ್ಲ, ಪಾತ್ರೆಯ ಅಳತೆ ಸಮೇತ, ಕ್ರಮವಾಗಿ ಹೇಳಿದರು. ಇದು ಹಸಿ ಪಾಸ್ತಾ ಅಲ್ಲ, ತಾನೇ ಬೇಯಿಸಿದ್ದು. ಆದ್ದರಿಂದ ಷರತ್ತು ಅಸಿಂಧು.

ಮೇಷ್ಟ್ರು ಎದ್ದು ಅಡುಗೆಮನೆಗೆ ಹೋದರು. ಪಾತ್ರೆಯನ್ನು ಬೆರಳಿನಿಂದ ಮುಟ್ಟಿದರು. ಜಾಲರಿಯನ್ನು ಬೆಳಕಿಗೆ ಹಿಡಿದರು. ಸಿಂಕಿಗೆ ಬಾಗಿ ಮೂಸಿದರು. ಕಿಟಕಿಯ ಗಾಜು ಸವರಿದರು. ವಾಪಸು ಬಂದು ಕೂತು, ಮರುಕದಿಂದ ಹೆಂಡತಿಯನ್ನು ನೋಡಿದರು.

“ಎಲ್ಲಾ ಒಣಗಿದೆಯಲ್ಲೇ. ಸೋತೆ ಅಂತ ಒಪ್ಕೊಂಡ್ರೆ ಏನಾಗುತ್ತೆ ನಿಂಗೆ?”

“ನಾನೇ ಒರೆಸಿಟ್ಟೆ ರೀ, ನಿಮಗೆ ಗೊತ್ತಾಗಬಾರದು ಅಂತ.”

ಅತ್ತಿಗೆ ಚಮಚ ಕೆಳಗಿಟ್ಟರು. “ನೋಡಮ್ಮ, ಅವನು ಜನ್ಮದಲ್ಲಿ ಒಂದು ಅಡುಗೆ ಮಾಡಿದಾನೆ. ಅದರಲ್ಲೂ ಪಾಲು ಕೇಳ್ತೀಯಲ್ಲ.”

ಇಡೀ ವೃತ್ತಿಜೀವನದಲ್ಲಿ ಸುಳ್ಳನ್ನು ಪತ್ತೆ ಹಚ್ಚಿದ ತನಿಖೆಯಮ್ಮನಿಗೆ, ನಿಜವನ್ನು ನಂಬಿಸುವುದು ಬೇರೆಯೇ ಇಲಾಖೆ ಎಂದು ಅಂದು ತಿಳಿಯಿತು.

ಮುಂದಿನ ಭಾನುವಾರ ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡರು. ತನಿಖೆಯಮ್ಮ ಹಜಾರದಲ್ಲಿ ಕೂತು, ಇಂದು ನಿಜ ಬಯಲಾಗುತ್ತದೆ, ಕಲ್ಲು ಅಗಿಯಲಿ ಎಂದು ಕಾದರು. ಟ್ರೇ ಬಂತು. ಸಂಶಯದಿಂದಲೇ ಒಂದು ತುತ್ತು ಬಾಯಿಗಿಟ್ಟರು.

ಬೆಂದಿತ್ತು. ಒಂದೊಂದು ಪಾಸ್ತಾವೂ ಬಿಡಿಬಿಡಿಯಾಗಿ, ಹದವಾಗಿ, ಒಳಗೆಲ್ಲ ಸಾಸು ತುಂಬಿಕೊಂಡು ನಿಂತಿತ್ತು. ಗಡ್ಡದವನು ಸುಳ್ಳು ಹೇಳಿರಲಿಲ್ಲ.

ಎದುರಿಗೆ ಅತ್ತಿಗೆ ದವಡೆ ಹಿಡಿದುಕೊಂಡಿದ್ದರು. “ಅಯ್ಯೋ, ಇದೇನೋ ಇದು, ಒಂದೊಂದೂ ಅಗೀಬೇಕು. ಹೋದ ವಾರದ್ದೆಲ್ಲಿ, ಇದೆಲ್ಲಿ?”

ಮೇಷ್ಟ್ರು ಒಂದು ತುತ್ತು ತಿಂದರು, ಯೋಚಿಸಿದರು. ಅಕ್ಕ ತಮ್ಮ ಇಬ್ಬರೂ ನಿಧಾನವಾಗಿ ತನಿಖೆಯಮ್ಮನ ಕಡೆ ತಿರುಗಿದರು.

“ಚಿಲಕ ಹಾಕಿದ್ದೆನಲ್ಲೇ,” ಎಂದರು ಮೇಷ್ಟ್ರು ಮೆಲ್ಲಗೆ. “ಒಳಗೆ ಹೇಗೆ ಬಂದೆ?”

ತನಿಖೆಯಮ್ಮ ಟ್ರೇಯನ್ನು ತಮ್ಮ ಕಡೆಗೆ ಎಳೆದುಕೊಂಡು ಎರಡನೇ ಸಲ ಬಡಿಸಿಕೊಂಡರು.