ಕತ್ತರಿ ಹುಳದ ಪತ್ತೇದಾರಿಕೆ

ಈ ಸಲ ಮನೆಗೆ ಅಂಗಡಿಯ ಟೊಮೆಟೊ ಒಂದೇ ಒಂದು ಬಂದರೂ ತನ್ನ ಹೆಸರು ಬದಲಿಸಿಕೊಳ್ಳುವುದಾಗಿ ಗಡಿಯಾರಪ್ಪ ಘೋಷಿಸಿದ. ಆ ಹೆಸರೂ ಅವನದಲ್ಲ. ಮೂವತ್ತು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದುದಕ್ಕೆ ಬೀದಿಯವರು ಇಟ್ಟದ್ದು. ಹಿತ್ತಲಲ್ಲಿ ನಲವತ್ತು ಸಸಿ ನೆಟ್ಟ. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿಯಲ್ಲಿ ಒಂದೊಂದು ಎಲೆಯನ್ನೂ ನೋಡಿ, "ಎಲ್ಲಾ ಕರೆಕ್ಟ್ ಟೈಮಿಗೆ ಬರ್ತಿದೆ" ಎಂದು ಪ್ರಮಾಣಪತ್ರ ಕೊಟ್ಟ.

ನಾಲ್ಕನೆಯ ಬೆಳಿಗ್ಗೆ ಐದು ಸಸಿ ನೆಲಕಚ್ಚಿದ್ದವು. ಮರುದಿನ ಇನ್ನಾರು. ಯಾರೂ ಕಿತ್ತಿರಲಿಲ್ಲ, ದನ ಮೇಯ್ದಿರಲಿಲ್ಲ. ಬುಡದಲ್ಲಿ ನೀಟಾಗಿ ತುಂಡಾಗಿದ್ದವು.

"ಕತ್ತರಿ ಹುಳ ಕಣ್ರೀ," ಎಂದಳು ಹೆಂಡತಿ. "ಹಗಲೆಲ್ಲ ಮಣ್ಣೊಳಗೆ ಸುತ್ಕೊಂಡು ಮಲಗಿರುತ್ತೆ. ಬುಡ ಕೆದಕಿ ನೋಡಿ."

ಅಷ್ಟು ಮಾತಿನಲ್ಲಿ ಅವನ ತಲೆಗೆ ಹೋದದ್ದು ಮೊದಲ ಪದ ಮಾತ್ರ. ಹುಳಕ್ಕೆಲ್ಲಿಯ ಕತ್ತರಿ? ಬೀದಿಯಲ್ಲಿ ಕತ್ತರಿಯಿಂದಲೇ ಹೊಟ್ಟೆ ಹೊರೆಯುವವನು ಒಬ್ಬನೇ, ಪಕ್ಕದ ಮನೆಯ ಟೈಲರ್. ಅವನ ಗೋಡೆ ಗಡಿಯಾರ ಹೋದ ತಿಂಗಳು ಇವನ ಕೈಯಿಂದ ರಿಪೇರಿಯಾಗಿ ಹೋದ ಮೇಲೆ ಹಿಂದಕ್ಕೆ ಓಡತೊಡಗಿತ್ತು. ಸೇಡಿಗೆ ಇನ್ನೇನು ಬೇಕು? ಒಂದೇ ತೊಡಕೆಂದರೆ, ಆ ಟೈಲರ್ ಹೆಂಡತಿಯ ಒಡಹುಟ್ಟಿದ ಅಣ್ಣ.

ಅನುಮಾನ ಬಾಯಿಬಿಟ್ಟು ಹೇಳಿದ್ದೇ ತಡ, ಮನೆಯೊಳಗೆ ಮಾತುಕತೆ ನಿಂತುಹೋಯಿತು. ಎರಡು ದಿನ ತಟ್ಟೆ ಲೋಟಗಳೇ ಅವಳ ಪರವಾಗಿ ಸದ್ದು ಮಾಡಿದವು. ಕೊನೆಗೆ ಅವಳೇ ಹೇಳಿದಳು: "ಅಣ್ಣನೇ ಕತ್ತರಿಸಿದ್ದು ಅಂತಾದ್ರೆ ಇನ್ನು ನಾನು ಆ ಮನೆ ಹೊಸಿಲು ತುಳಿಯಲ್ಲ. ಅಲ್ಲ ಅಂತಾದ್ರೆ ನೀವು ಅವನೆದುರು ನಿಂತು ತಪ್ಪಾಯ್ತು ಅನ್ಬೇಕು."

ಒಪ್ಪಿದ. ಮರುದಿನ ನಸುಕಿನಲ್ಲೇ ಎದ್ದು ಅಡುಗೆಮನೆಯ ಕಿಟಕಿಯ ಹಿಂದೆ ಹೊಂಚು ಹಾಕಿ ಕೂತ. ಬೆಳಕು ಹರಿಯುವ ಹೊತ್ತಿಗೆ ಟೈಲರ್ ಕಾಂಪೌಂಡ್ ಗೋಡೆ ದಾಟಿ ಬಂದ. ಸಸಿಗಳ ನಡುವೆ ಕುಕ್ಕರಗಾಲಿನಲ್ಲಿ ಕೂತು ಬುಡಕ್ಕೆ ಕೈ ಹಾಕಿದ.

ಸಿಕ್ಕಿಬಿದ್ದ ಎಂದುಕೊಂಡು ಗಡಿಯಾರಪ್ಪ ಹುಲಿಯ ಹಾಗೆ ಹೊರಗೆ ನೆಗೆದ. ಆದರೆ ಹಿಂದಿನ ಸಂಜೆ ಮಣ್ಣು ಕೆಸರಾಗುವಷ್ಟು ನೀರು ಹಾಯಿಸಿದ್ದವನೂ ಅವನೇ. ಹುಲಿಯ ಕಾಲು ಜಾರಿತು. ಪಾತಿಯ ಈ ತುದಿಯಲ್ಲಿ ಬೋರಲಾಗಿ ಬಿದ್ದವನು ಆ ತುದಿಯವರೆಗೂ ಜಾರಿಕೊಂಡು ಹೋದ. ಹೊಟ್ಟೆಯಡಿಯಲ್ಲಿ ಒಂಬತ್ತು ಸಸಿ ಅಪ್ಪಚ್ಚಿ.

ಟೈಲರ್ ಎಬ್ಬಿಸಲು ಓಡಿಬಂದ. ಕೈಯಲ್ಲಿ ಕತ್ತರಿ ಇರಲಿಲ್ಲ. ಅಂಗೈ ಮೇಲೆ ಕೊಬ್ಬಿದ ಆರು ಬೂದುಬಣ್ಣದ ಹುಳಗಳು ಉಂಗುರದಂತೆ ಸುತ್ತಿಕೊಂಡಿದ್ದವು.

"ಹುಳ ಅಂದ್ರೆ ನೀವು ನಂಬ್ತಿಲ್ಲ ಅಂತ ತಂಗಿ ಹೇಳಿದ್ಳು ಭಾವ. ನೀವು ಏಳೋಕೆ ಮುಂಚೆ ಆರಿಸಿಬಿಡೋಣ ಅಂತ ಬಂದೆ."

ಗಡಿಯಾರಪ್ಪನ ಬಾಯಿಂದ ಮೊದಲು ಬಂದದ್ದು ಮಣ್ಣು. ಅದನ್ನು ಉಗುಳಿ, ಬಾಗಿಲಲ್ಲಿ ನಿಂತಿದ್ದ ಹೆಂಡತಿಯ ಮುಖ ನೋಡಿ, ಒಪ್ಪಂದದ ಪ್ರಕಾರ ತಪ್ಪಾಯ್ತು ಎಂದ. ಯಾವ ತಪ್ಪು ಎಂದು ತಿಳಿದಾಗ ಟೈಲರ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಮನೆಗೆ ಹೋಗಿ ಶರ್ಟಿನ ಕಾಲರಿನೊಳಗೆ ಇಡುವ ಗಟ್ಟಿ ಬಟ್ಟೆ ತಂದು, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಉಳಿದ ಎಲ್ಲ ಸಸಿಗಳ ಬುಡಕ್ಕೂ ಅರ್ಧ ಮಣ್ಣಿನೊಳಗೆ ಹೋಗುವಂತೆ ಸುತ್ತಿದ. ಸಸಿಗಳು ಆಫೀಸಿಗೆ ಹೊರಟ ಗುಮಾಸ್ತರಂತೆ ಕತ್ತೆತ್ತಿ ನಿಂತವು. ಆಮೇಲೆ ಒಂದೂ ಬೀಳಲಿಲ್ಲ. ತಿಂಗಳಾಗುವಷ್ಟರಲ್ಲಿ ಹಳದಿ ಹೂ ಬಿಟ್ಟವು.

ಹೂ ಕಂಡ ಎದುರು ಮನೆಯ ಟೀಚರಮ್ಮ, ತಮ್ಮ ಸಸಿಗಳೂ ಹೀಗೇ ಬೀಳುತ್ತಿವೆ, ಏನು ಮಾಡಿದಿರಿ ಎಂದು ಕೇಳಲು ಬಂದರು. ಗಡಿಯಾರಪ್ಪ ಗಂಟಲು ಸರಿಮಾಡಿಕೊಂಡು, ಕೀಟಗಳ ಸ್ವಭಾವದಿಂದ ಉಪನ್ಯಾಸ ಆರಂಭಿಸಿದ.

ಹೆಂಡತಿ ಟೀಚರಮ್ಮನ ಕೈಗೆ ಒಂದು ಕಟ್ಟು ಕಾಲರ್ ಪಟ್ಟಿ ಕೊಟ್ಟಳು.

"ಹುಳ ದಿನಕ್ಕೆ ಐದಾರು ಸಸಿ ಮಲಗ್ಸುತ್ತೆ, ಅದಕ್ಕೆ ಇದು ಸಾಕು ಟೀಚರೇ. ಒಂದೇ ಸಲಕ್ಕೆ ಒಂಬತ್ತು ಮಲಗ್ಸೋರು ಮನೇಲಿದ್ರೆ ಮಾತ್ರ ಬೇಲೀನೇ ಹಾಕಿಸ್ಬೇಕು."